ಪುಂಡರೀಕಾಕ್ಷರ ಕಪ್ಪು-ಬಿಳುಪು ಫ್ಲೆಕ್ಸ್

ಸುಜನ್ ಮರೆತದ್ದು ಒಂದೇ ಒಂದು ಲೇಯರ್. ಜನ ಕೊಡೆ ಮರೆಯುತ್ತಾರೆ, ಲೋಕಲ್ ರೈಲಿನ ಪಾಸು ಮರೆಯುತ್ತಾರೆ, ಹೆಂಡತಿಯ ಹುಟ್ಟುಹಬ್ಬವನ್ನೇ ಮರೆತು ಬದುಕಿ ಉಳಿದವರೂ ಇದ್ದಾರೆ. ಇವನ ಮರೆವು ಮಾತ್ರ ಬದುಕಿದ್ದವರನ್ನು ಹಾಡಹಗಲೇ ಸಾಯಿಸಿಬಿಟ್ಟಿತು.

ಠಾಕುರ್ಲಿಯಲ್ಲಿ ಹೋಟೆಲ್ ಇಟ್ಟಿರುವ ಉಡುಪಿಯ ಪುಂಡರೀಕಾಕ್ಷರಿಗೆ ಅಂದು ಅರವತ್ತು ತುಂಬಿತ್ತು. ಸಂಜೆ ಹಾಲ್‌ನಲ್ಲಿ ಸಮಾರಂಭ. ಸ್ಟೇಷನ್ ಎದುರಿನ ಚೌಕದಲ್ಲಿ ಕಟ್ಟುವ ಫ್ಲೆಕ್ಸಿಗೆ ಅವರ ಚಿತ್ರ ಬರೆಯುವ ಕೆಲಸವನ್ನು ಸುಜನ್ ಕೇಳಿ ಪಡೆದಿದ್ದ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಅವನ ಕಸುಬು. ಪುಂಡರೀಕಾಕ್ಷರ ಮಗಳು ಪ್ರಣೀತಾ ಅವನ ಪ್ರಾಣ. ಚಿತ್ರ ನೋಡಿ ಅಪ್ಪ ಕರಗಿದ ಹೊತ್ತಿಗೆ ಸುಜನ್ ಹೆಣ್ಣು ಕೇಳಿಬಿಡಬೇಕು ಎಂದು ಇಬ್ಬರೂ ಗುಟ್ಟಾಗಿ ಮಾತಾಡಿಕೊಂಡಿದ್ದರು.

ಬೆಳಿಗ್ಗೆಯೇ ಪಕ್ಕದ ಮನೆಯ ವಿನೋದಕ್ಕ ಬಂದು ಸ್ಕ್ರೀನಿಗೆ ಮೂಗು ತಾಗಿಸಿದರು.

"ಇದೆಂತ ಮಾರಾಯ, ಇಷ್ಟು ಕಪ್ಪು! ಒಳ್ಳೆ ದಿವಸ, ಮುಖ ಸ್ವಲ್ಪ ಬೆಳ್ಳಗೆ ಮಾಡು."

ಹಿರಿಯರ ಮಾತಲ್ಲವೇ, ಮಾಡಿದ. ಕೆನ್ನೆಯ ನೆರಳು ಹೋಯಿತು, ಮೂಗು ಹೋಯಿತು, ಗಲ್ಲ ಕುತ್ತಿಗೆಯೊಳಗೆ ಸೇರಿಕೊಂಡಿತು. ನೀರುದೋಸೆಗೆ ಎರಡು ಕಣ್ಣು ಅಂಟಿಸಿದ ಹಾಗಾಯಿತು.

"ಅಯ್ಯೋ, ಇದು ಪುಂಡರೀಕಣ್ಣ ಅಲ್ವೇ ಅಲ್ಲ!" ಎಂದು ವಿನೋದಕ್ಕ ಎದ್ದು ಹೊರಟೇಹೋದರು.

ಸುಜನ್ ತನ್ನ ವಿದ್ಯೆಗೆ ಮರಳಿದ. ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಬಣ್ಣವನ್ನೆಲ್ಲ ಅಡಗಿಸಿ ಬರೀ ಕಪ್ಪು-ಬಿಳುಪಿನಲ್ಲಿ ನೋಡಿದಾಗಲೇ ಎಲ್ಲಿ ಬೆಳಕು ಹೆಚ್ಚಾಯಿತು, ಎಲ್ಲಿ ನೆರಳು ಸಾಲದು ಎಂದು ತಿಳಿಯುವುದು. ಅದಕ್ಕೆಂದೇ ಚಿತ್ರದ ಮೇಲೆ ತೆಳು ಪರದೆಯಂಥ ಒಂದು ಬೂದು ಲೇಯರ್ ಹಾಕಿಕೊಂಡ. ಮೂಗಿನ ಬದಿಗೆ ನೆರಳು ಗಾಢ ಮಾಡಿದ, ಹಣೆಗೆ ಬೆಳಕು ಕೊಟ್ಟ, ಕಣ್ಣೊಳಗೆ ಒಂದೊಂದು ಬಿಳಿ ಚುಕ್ಕೆ ಇಟ್ಟ. ಅಬ್ಬಾ! ಗಲ್ಲಾದಲ್ಲಿ ಕೂತು ಗದರುವ ಪುಂಡರೀಕಾಕ್ಷರೇ ಎದ್ದು ಬಂದರು. ಕೆಳಗೆ ಹೆಸರು ಮತ್ತು '1952 – 2012' ಎಂದಷ್ಟೇ ಬರೆದ. ಮಾತು ಕಡಿಮೆ ಇದ್ದಷ್ಟೂ ಘನತೆ ಹೆಚ್ಚು ಎಂಬುದು ಅವನ ನಂಬಿಕೆ.

ಆಗಲೇ ಫ್ಲೆಕ್ಸ್ ಅಂಗಡಿಯ ಸಿದ್ರಾಮನ ಫೋನು. ಕಲಬುರಗಿಯ ಆಸಾಮಿ.

"ಸರ, ಹನ್ನೊಂದಕ್ಕ ಲೈಟ್ ಹೋಗ್ತಾವ. ಈಗಿಂದೀಗ ಕಳಸ್ರಿ, ಇಲ್ಲಾಂದ್ರ ಇವತ್ತು ಆಗಂಗಿಲ್ಲ!"

ಎರಡು ಗಂಟೆ ಹೊತ್ತು ಬೂದುಬಣ್ಣವನ್ನೇ ನೋಡಿದ ಕಣ್ಣಿಗೆ ಅದೇ ಸಹಜವಾಗಿತ್ತು. ಸುಜನ್ ಗಡಿಬಿಡಿಯಲ್ಲಿ ಆ ಲೇಯರ್ ತೆಗೆಯದೆ ಚಿತ್ರವನ್ನು ಹಾಗೇ ಕಳಿಸಿಬಿಟ್ಟ.

ಮೂರು ಗಂಟೆಗೆ ಹೊಸ ಅಂಗಿ ತೊಟ್ಟು ಚೌಕಕ್ಕೆ ಬಂದವನು ತಲೆಯೆತ್ತಿ ನೋಡಿದ. ಹತ್ತಡಿ ಎತ್ತರದ ಪುಂಡರೀಕಾಕ್ಷರು, ಕಪ್ಪು-ಬಿಳುಪಿನಲ್ಲಿ! ಅವರ ಎಡಬಲದಲ್ಲಿ ಉರಿಯುವ ಎರಡು ದೀಪ. ಅವನ್ನು ಇವನು ಬರೆದೇ ಇರಲಿಲ್ಲ. ಕೆಳಗೆ ರಿಕ್ಷಾದವನೊಬ್ಬ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ.

"ಸಿದ್ರಾಮ, ದೀಪ ಯಾರು ಹಾಕಿದ್ದು?" ಸುಜನ್ ಫೋನಿನಲ್ಲಿ ಕಿರುಚಿದ.

"ನಾನ ಹಾಕೀನ್ರಿ ಸರ. ಕರೀ-ಬಿಳಿ ಫೋಟೋ, ಕೆಳಗ ಎರಡು ಇಸವಿ, ನೋಡಿ ಕರುಳು ಚುರ್ ಅಂತು. ಭಾಳ ಛಲೋ ಮನಷ್ಯಾ ಇದ್ರು. ದೀಪಾ ಪುಕ್ಕಟೆ ಹಾಕೀನಿ, ಚಿಂತಿ ಮಾಡಬ್ಯಾಡ್ರಿ."

ಸುಜನ್ ಬಿದ್ದೆನೋ ಎದ್ದೆನೋ ಎಂದು ಓಡಿದ. ಹೋಟೆಲಿನ ಶಟರ್ ಎಳೆದಿತ್ತು. ಪುಂಡರೀಕಾಕ್ಷರ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಬಿಳಿ ಅಂಗಿಗಳ ಸಾಲು. ಅವರ ಹೆಂಡತಿ ಸುಂದರಿ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು.

"ಅವರು ಒಳಗೆ ಮಲಗಿದ್ದಾರೆ ಮಾರಾಯ್ರೇ! ಅಳ್ಬೇಡಿ, ಎದ್ರೆ ಬೈತಾರೆ!"

ಪುಂಡರೀಕಾಕ್ಷರು ರೈಲಿನ ಸದ್ದಿಗೆ ಹೆದರಿ ಕಿವಿಗೆ ಹತ್ತಿ ತುರುಕಿಕೊಂಡು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿದ್ದೆ ಹೊಡೆಯುವವರು. ನಡುವೆ ಎಬ್ಬಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಂದವರೋ, "ಪಾಪ, ಆಘಾತಕ್ಕೆ ತಲೆ ಕೆಟ್ಟಿದೆ" ಎಂದು ಇನ್ನೂ ಜೋರಾಗಿ ಅತ್ತರು.

ಅಷ್ಟರಲ್ಲಿ ದೊಡ್ಡ ಹಾರ ಹಿಡಿದು, ಮಗ ಮಯೂರ್‌ನನ್ನೂ ಕರೆದುಕೊಂಡು ಘಣಸೋಲಿಯ ವಸಂತಕುಮಾರರು ನುಗ್ಗಿಬಂದರು. ಒಂದು ಕಾಲದಲ್ಲಿ ಹೋಟೆಲಿನ ಪಾಲುದಾರರು. ಜಗಳವಾಡಿ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು.

"ತಪ್ಪಾಯ್ತು ಅಂತ ಹೇಳ್ಲಿಕ್ಕೂ ಬಿಡದೆ ಹೋದ್ಯಲ್ಲಾ ಪುಂಡರೀಕಾ!" ಎಂದು ಅವರು ಎದೆ ಬಡಿದುಕೊಂಡರು. "ಸುಂದರಕ್ಕ, ಮಗಳ ಚಿಂತೆ ನಿಮಗೆ ಬೇಡ. ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಆಗ್ಬೇಕು. ಪ್ರಣೀತಾ ನಮ್ಮ ಮಯೂರನಿಗೇ. ಒಳಗೆ ಮಲಗಿದ ಅವನ ಆಣೆ, ಮಾತು ಕೊಡ್ತೇನೆ!"

ಸುಜನ್ ಮುಂದೆ ನುಗ್ಗಿದ. "ಅಂಕಲ್, ಅವರು ಬದುಕಿ..."

"ಶ್! ಬದುಕಿದ್ದಾಗಿನ ಕತೆ ಆಮೇಲೆ ಹೇಳು ಮಾರಾಯ," ಅಳುವವರ ನಡುವಿನಿಂದ ಎದ್ದು ಬಂದ ವಿನೋದಕ್ಕ ಅವನ ಬಾಯಿ ಮುಚ್ಚಿದರು. "ಹಿರಿಯರು ಮಾತಾಡ್ತಿದ್ದಾರೆ."

ಹತ್ತಿಯನ್ನೂ ಮೀರಿದ ಗದ್ದಲಕ್ಕೋ ಏನೋ, ಒಳಕೋಣೆಯ ಬಾಗಿಲು ತೆರೆಯಿತು. ಎರಡೂ ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಪುಂಡರೀಕಾಕ್ಷರು ನಡೆದುಬಂದರು.

ಕಿಟಾರನೆ ಕಿರುಚಿದ ವಿನೋದಕ್ಕ ಸೋಫಾದ ಹಿಂದೆ ಬಿದ್ದರು. ಬಿಳಿ ಅಂಗಿಗಳು ಬಾಗಿಲಿಗೆ ಓಡಿದವು. ವಸಂತಕುಮಾರರು ಮಾತ್ರ ಕಂಬದ ಹಾಗೆ ನಿಂತರು. ಮೆಲ್ಲಗೆ ಗೆಳೆಯನ ಕೈ ಮುಟ್ಟಿ, ಬಿಸಿಯಿದೆ ಎಂದು ಗೊತ್ತಾದದ್ದೇ ತಬ್ಬಿಕೊಂಡು ಹೋ ಎಂದು ಅತ್ತರು. ಸುಂದರಿ ಗಂಡನ ಕಿವಿಯ ಹತ್ತಿ ತೆಗೆದು ನಡೆದದ್ದನ್ನೆಲ್ಲ ಹೇಳಿದರು. ಪುಂಡರೀಕಾಕ್ಷರು ಗೆಳೆಯನ ಹೆಗಲು ಹಿಡಿದುಕೊಂಡರು.

"ಸತ್ತೆ ಅಂತ ತಿಳಿದು ಕೊಟ್ಟ ಮಾತು," ಎಂದರು ಕಣ್ಣೊರೆಸಿಕೊಂಡು. "ನಾನು ಬದುಕಿದ್ದೇನೆ ಅಂತ ಅದನ್ನು ಮುರೀಲಿಕ್ಕೆ ಆಗ್ತದಾ ವಸಂತ? ಈ ಸಂಬಂಧ ಆಯ್ತು ಅಂತ ತಿಳ್ಕೋ."

"ಪಪ್ಪಾ!" ಅಡುಗೆಮನೆಯ ಬಾಗಿಲಿಂದ ಪ್ರಣೀತಾ ಚೀರಿದಳು. ಸಂತೋಷಕ್ಕೆ ಎಂದುಕೊಂಡರು ಎಲ್ಲರೂ.

ಪುಂಡರೀಕಾಕ್ಷರು ಸುಜನ್‌ನ ಕಡೆ ತಿರುಗಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನೀನು ಆ ಚಿತ್ರ ಬರೆಯದಿದ್ರೆ ನಾವಿಬ್ಬರು ಸಾಯುವವರೆಗೂ ಮಾತಾಡ್ತಿರ್ಲಿಲ್ಲ. ಕೇಳು ಮಗಾ, ನಿಂಗೆ ಏನು ಬೇಕು? ನಾಚ್ಕೋಬೇಡ. ಏನು ಕೇಳಿದ್ರೂ ಕೊಡ್ತೇನೆ!"

ಎಲ್ಲರೂ ಸುಜನ್‌ನತ್ತ ತಿರುಗಿದರು.

"ಬೋಲ್ ನಾ, ಸುಜನ್!" ಪ್ರಣೀತಾಳ ಕಣ್ಣು ತುಂಬಿತ್ತು.

ಸುಜನ್ ಬಾಯಿ ತೆರೆದ. ಎದುರಿಗೆ ಹನ್ನೊಂದು ವರ್ಷದ ಮೇಲೆ ತಬ್ಬಿಕೊಂಡು ನಿಂತ ಇಬ್ಬರು ಮುದುಕರು. ಬಾಯಿ ಮುಚ್ಚಿದ. ಮತ್ತೆ ತೆರೆದ.

"ಒಂದು ಲೋಟ... ನೀರು," ಎಂದ.

ಪ್ರಣೀತಾ ಅಡುಗೆಮನೆಯ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಆ ಬಾಗಿಲನ್ನು ಮೆಲ್ಲಗೆ ತಟ್ಟಿ, ಒಳಗೆ ಹೋಗಿ, ಮನೆಯ ಅಳಿಯನ ಗತ್ತಿನಲ್ಲಿ ನೀರು ತಂದುಕೊಟ್ಟವನು ಮಯೂರ್.