ಬೇವಿನ ಗಿಡ ಎಲ್ಲಿಗಾದರೂ ಓಡುತ್ತದೆಯೇ?

ನಮ್ಮ ಸೋದರಮಾವ ಮಹಾ ತತ್ವಜ್ಞಾನಿ. ಇದು ನನ್ನ ಮಾತಲ್ಲ, ಅವನೇ ಹೇಳಿಕೊಳ್ಳುತ್ತಿದ್ದ! ಅವನ ಊರು ಕಲ್ಯಾಣದ ಹೆಸರಿಗೆ ಬಸವಣ್ಣ ಇನ್ನೂ ಸೇರಿರದ ಕಾಲ ಅದು. ಮಂಠಾಳದ ಹೊಲವನ್ನು ಪಾಲಿಗೆ ಕೊಟ್ಟು, ಅಂಗಳದ ಬೇವಿನ ಕೆಳಗೆ ಹಗ್ಗದ ಹೊರಸು ಹಾಕಿ ಮಲಗುವುದೇ ಅವನ ಉದ್ಯೋಗ.

"ಬೇವಿನ ಗಿಡ ಎಲ್ಲಿಗರೆ ಓಡ್ತದೇನು? ನಿಂತಲ್ಲೇ ಬೆಳಿತದ. ಮನುಷ್ಯಾ ಒಬ್ಬನೇ ಸುಮ್ಮನ ಓಡಾಕತ್ತಾನ!"

"ಗಿಡಕ್ಕ ರೊಟ್ಟಿ ಬೇಕಾಗಂಗಿಲ್ಲ, ನಿಮಗ ಬೇಕ್ರಿ," ಎನ್ನುತ್ತಿದ್ದಳು ಮಾಮಿ, ರೊಟ್ಟಿ ಬಡಿಯುತ್ತಲೇ.

ಈ ತತ್ವಕ್ಕಾಗಿ ಮಾಮಾ ಮಾಡಿದ ತ್ಯಾಗ ಸಣ್ಣದಲ್ಲ. ಹುಮನಾಬಾದಿನಲ್ಲಿ ಮೋಟಾರು ಕಣ್ಣೆದುರೇ ಹೊರಟರೂ ಓಡಿ ಹತ್ತಿದವನಲ್ಲ. ನನ್ನ ಮದುವೆಯಲ್ಲಿ ನನ್ನನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಬಂದದ್ದು ಮರುದಿನ! "ಮದಿವಿ ಏನ್ ಓಡಿ ಹೋಯ್ತೇನವ್ವಾ? ಆಗೇದಲ್ಲ!" ಎಂದು ನನ್ನನ್ನೇ ಸಮಾಧಾನ ಮಾಡಿದ.

ಅವನನ್ನು ಒಪ್ಪದವರೆಂದರೆ ಗೋಡೆಯಾಚೆಯ ದರ್ಜಿ ಸಾಹೇಬರು. ಮಾಮಾ ಬೇವಿನ ಮೇಲೊಂದು ಪದ್ಯ ಕಟ್ಟುತ್ತಿದ್ದ. ಮೊದಲ ಸಾಲು ಎಂದೋ ಆಗಿತ್ತು: "ನಿಂತಲ್ಲೇ ಬೆಳಿತದ ಬೇವು." ಎರಡನೆಯದು ದರ್ಜಿ ಸಾಹೇಬರು "ವಾಹ್" ಎಂದರೆ ಮಾತ್ರ ಪಾಸು. ಅದು ಅವರಿಬ್ಬರ ಕರಾರು. ಏಳು ವರ್ಷ ಮಾಮಾ ದಿನಕ್ಕೊಂದು ಸಾಲು ಹೇಳಿದ, ಅವರು ಹೊಲಿಗೆ ಮಿಷನ್ನಿನಿಂದ ತಲೆಯನ್ನೇ ಎತ್ತಲಿಲ್ಲ.

"ಶಾಯರ್ ಸಾಬ್, ಅಲ್ಲಾ ಎರಡು ಕೈ ಕೊಟ್ಟಾನ. ಬರೀ ಮಲಗೋದಾಗಿದ್ರ ಕೈ ಯಾಕ ಬೇಕಿತ್ರಿ?"

"ತಲಿ ಕೆಳಗ ಇಟ್ಕೊಳ್ಳಾಕ!"

ಪೊಲೀಸ್ ಆಕ್ಷನ್ ಬಂತು, ಭಾರತದ ಸೈನ್ಯ ಒಳಗೆ ನುಗ್ಗಿತು. ಅದುವರೆಗೆ ನಿಜಾಮನ ಕಡೆಯ ರಜಾಕಾರರಿಗೆ ಹೆದರಿ ನಾವು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ನಿಜಾಮನ ಆಳ್ವಿಕೆ ಮುಗಿದ ಮೇಲೆ ಆ ಸರದಿ ದರ್ಜಿ ಸಾಹೇಬರಿಗೆ ಬಂತು. ಅವರ ಮನೆಗೂ ಜನ ಸೇಡಿಗೆ ಹೊರಟಿದ್ದಾರೆಂಬ ಸುದ್ದಿ ಹುಮನಾಬಾದಿನವರೆಗೆ ಹೋಯಿತು. ಮಾಮಾ ಯಥಾಪ್ರಕಾರ ಅಲ್ಲಿ ಮೋಟಾರು ತಪ್ಪಿಸಿಕೊಂಡು ಕೂತಿದ್ದ.

ಓಡಿದ. ಹೌದು, ಅಲ್ಲಿಂದ ಮನೆಯವರೆಗೂ ನಮ್ಮ ಮಾಮಾ ಓಡಿದ! ಒಂದೇ ಚಪ್ಪಲಿಯಲ್ಲಿ ಅಂಗಳಕ್ಕೆ ನುಗ್ಗಿದವನನ್ನು ಕಂಡು ಮಾಮಿ, "ಯಾರ್ರೀ ನೀವು?" ಎಂದಳು. ಓಡುವ ಗಂಡನನ್ನು ಅವಳು ಅದುವರೆಗೆ ನೋಡಿರಲಿಲ್ಲ. ಅವನು ಹೊರಸನ್ನು ದರದರ ಎಳೆದೊಯ್ದು, ದರ್ಜಿ ಸಾಹೇಬರ ಬಾಗಿಲಿಗೆ ಅಡ್ಡ ಹಾಕಿ ಮಲಗಿಬಿಟ್ಟ.

ಸಂಜೆ ಬಡಿಗೆ ಹಿಡಿದವರು ಬಂದರು. ಮಾಮಾನ ಮನೆಗೆ ಬಂದಿದ್ದ ನಾನು ಗೋಡೆಯ ಈಚೆ ಕಿವಿಗೊಟ್ಟು ನಿಂತಿದ್ದೆ.

"ಏಳ್ರಿ, ಕಾಕಾ!"

"ನಾ ಎದ್ದದ್ದು ಈ ಊರಾಗ ಯಾರರೆ ನೋಡೀರೇನೋ?"

ಒಬ್ಬ ಕಿಸಕ್ಕನೆ ನಕ್ಕ. ನಕ್ಕ ಮೇಲೆ ಬಡಿಗೆ ಎತ್ತುವುದು ಕಷ್ಟ. ಹೋದರು. ಮಾಮಾ ಮಾತ್ರ ಎಂಟು ದಿನ ಅಲ್ಲೇ ಮಲಗಿದ. ಮಾಮಿ ಬಾಗಿಲ ಒಳಗಿನವರಿಗೂ ಸೇರಿಸಿ ರೊಟ್ಟಿ ಒಯ್ದಳು, ಗೊಣಗಲಿಲ್ಲ.

ಓಡಿ ಬಾತಿದ್ದ ಅವನ ಕಾಲಿಗೆ ಎಣ್ಣೆ ಹಚ್ಚುತ್ತ ನಾನು ಕೆಣಕಿದೆ. "ಬೇವಿನ ಗಿಡ ಓಡ್ತದೇನ್ ಮಾಮಾ?"

ಅವನು ಹೊರಸಿನ ಮೇಲೆ ಬಾಗಿಲ ಕಡೆಗೆ ಹೊರಳಿದ.

"ಗಿಡಕ್ಕ ಮಗ್ಗಲ ಮನಿ ಇರಂಗಿಲ್ಲವ್ವಾ."

ಒಳಗೆ ಮಿಷನ್ನಿನ ಸದ್ದು ನಿಂತಿತು. ಮುಚ್ಚಿದ ಬಾಗಿಲ ಹಿಂದಿನಿಂದ ದರ್ಜಿ ಸಾಹೇಬರು "ವಾಹ್" ಎಂದರು.