ಐವತ್ತೈದು ಅಂಗುಲದ ಮಹಾಸಮರ

ಮಡದಿಗೆ ಪಕ್ಕದಲ್ಲಿ ಜಾಗ ಕೊಟ್ಟರೆ ಸಾಲದೆಂದು ತನ್ನ ಮೈಯಲ್ಲೇ ಅರ್ಧವನ್ನು ಬಿಟ್ಟುಕೊಟ್ಟವನೂ, ಪುರುಸೊತ್ತಿಲ್ಲವೆಂಬ ನೆಪವನ್ನು ಯುಗಯುಗಾಂತರಗಳಲ್ಲಿ ಒಮ್ಮೆಯೂ ಹೇಳದವನೂ ಆದ ಚಂದ್ರಕಲಾಧರ ಅರ್ಧನಾರೀಶ್ವರನಿಗೆ ಮೊದಲು ಕೈಮುಗಿಯುತ್ತೇನೆ. ಜೊತೆಯಲ್ಲಿ ಕೂರುವ ಗಳಿಗೆಗಳನ್ನು ಮನುಷ್ಯರಿಗೆ ಅಳೆದು ಕೊಡುವವನೂ ಅವನೇ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವವನೂ ಅವನೇ. ಅವನ ಅನುಗ್ರಹದಿಂದ, ಈ ಕಲಿಯುಗದಲ್ಲಿ, ಗೋಡೆಗೊಂದು ಗಾಜಿನ ಹಲಗೆ ತೂಗುಹಾಕಿ ಮನೆಮನೆಯೂ ಚಿತ್ರಮಂದಿರವಾದ ಕಾಲದಲ್ಲಿ, ರಾಣೆಬೆನ್ನೂರೆಂಬ ಪಟ್ಟಣದಲ್ಲಿ ನಡೆದ ಒಂದು ಘೋರ ಸಂಗ್ರಾಮವನ್ನು ಹೇಳುತ್ತೇನೆ. ಸಜ್ಜನರು ಚಿತ್ತವಿಟ್ಟು ಕೇಳಬೇಕು.

ಆ ಪಟ್ಟಣದಲ್ಲಿ ಮೌನೇಶಪ್ಪ ಬಡಿಗೇರನೆಂಬ ವೀರನಿದ್ದ. ಮೂವತ್ತೊಂದು ವರ್ಷ ಜಯಗೌರಿ ಟಾಕೀಜಿನ ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರ್ ಓಡಿಸಿದವನು. ಗೇಣಗಲದ ಕಿಂಡಿಯಿಂದ ಮೂರು ಲೋಕಗಳನ್ನು ಬೆಳಗಿದ ಕಿರಣಖಡ್ಗಧರ, ಅಂಧಕಾರವಿದಾರಕ, ಶಿಳ್ಳೆಗಳ ಬಿರುಗಾಳಿಗೆ ಬೆದರದ ಅಚಲಧೀರ. ಅವನ ಧರ್ಮಪತ್ನಿ ಕಾಳಮ್ಮ ಆ ಮೂವತ್ತೊಂದು ವರ್ಷವೂ ಕೆಳಗೆ, ಹೆಂಗಸರ ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತು ಸಿನಿಮಾ ನೋಡಿದಳು. ಗಂಡ ಮೇಲೆ, ಹೆಂಡತಿ ಕೆಳಗೆ. ಒಂದೇ ಒಂದು ಚಿತ್ರವನ್ನೂ ಅವರು ಅಕ್ಕಪಕ್ಕ ಕೂತು ನೋಡಿರಲಿಲ್ಲ. ಟಾಕೀಜು ಮುಚ್ಚಿದ ಮೇಲಾದರೂ ಕೂತನೇ ಎಂದರೆ, ಮನೆಯ ಹಳೆಯ ಡಬ್ಬಿ ಟೀವಿಯಲ್ಲಿ ಮನುಷ್ಯರ ಮುಖ ಹಸಿರಾಗಿ ಕಾಣುತ್ತದೆಂದು ಅದರ ಬೆನ್ನ ಹಿಂದೆ ನಿಂತು ತಟ್ಟುತ್ತಲೇ ಇದ್ದ.

ಹೋದ ಸಂಕ್ರಾಂತಿಗೆ ಕಾಳಮ್ಮನ ಎರಡೂ ಕಣ್ಣುಗಳ ಪೊರೆ ತೆಗೆಸಿದ್ದಾಯಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಆಕೆ ಗಂಡನಿಗೆ ಹೇಳಿದ್ದು ಇಷ್ಟೇ: "ಒಂದು ಸಿನಿಮಾನರ ನನ್ನ ಬಾಜೂಕ ಕುಂತು ನೋಡ್ರಿ. ಶುರುವಿಂದ ಕೊನೀತನಕ."

ಈ ನುಡಿ ಬಾಣದಂತೆ ವೀರನ ಎದೆಗೆ ನಾಟಿತು. ಚಿತ್ರದಲ್ಲಿ ಎಳ್ಳಷ್ಟು ದೋಷವಿದ್ದರೂ ತನ್ನ ಕಾಲು ತಾನಾಗಿ ಎದ್ದುಬಿಡುತ್ತದೆಂದು ಅವನು ಬಲ್ಲ. ಆದ್ದರಿಂದ ಎದ್ದು ಸರಿಪಡಿಸುವ ಅಗತ್ಯವೇ ಬೀಳದಂಥ ಟೀವಿಯನ್ನೂ ಅದಕ್ಕೆ ತಕ್ಕ ಡಿಸ್ಕ್ ಪ್ಲೇಯರನ್ನೂ ತರುವೆನೆಂದು, ಕುಲದೇವಿ ಕಾಳಿಕೆಯ ಪಟದ ಮುಂದೆ ನಿಂತು ಪ್ರತಿಜ್ಞೆ ಮಾಡಿದ.

ಪ್ರತಿಜ್ಞೆಯ ಸುದ್ದಿ ಕಾಳಮ್ಮನ ತಮ್ಮ ನಾಗಲಿಂಗ ಪತ್ತಾರನಿಗೆ ಮುಟ್ಟಿತು. ಇವನು ಅಕ್ಕಸಾಲಿಗ, ಸ್ವರ್ಣಪರೀಕ್ಷಾಧುರಂಧರ, ಒರೆಗಲ್ಲಿನೊಡೆಯ, ಗುಂಜಿಯ ತೂಕದಲ್ಲೂ ಸುಳ್ಳು ಹೇಳದ ಸತ್ಯಸಂಧ. ಹೊಳೆಯುವುದನ್ನು ಆರಿಸುವ ಮಾತು ಬಂದಾಗ ತನ್ನನ್ನು ಬಿಟ್ಟು ಹೋಗುವುದುಂಟೇ ಎಂದು ಅವನು ಅಂಗಡಿಗೆ ಬೀಗ ಹಾಕಿ ಬಂದ. ಭಾವನೂ ಭಾವಮೈದುನನೂ ಪುಕಪುಕನೆ ಹೊಗೆಯುಗುಳುವ ಮೂರು ಗಾಲಿಯ ರಥವನ್ನೇರಿ, ಮೀಟರು ಹಾಕದ ಸಾರಥಿಯೊಡನೆ ಮೊದಲ ಕಾಳಗವನ್ನು ದಾರಿಯಲ್ಲೇ ಮುಗಿಸಿ, ಮುನೀರಸಾಬನ ಟೀವಿ ಅಂಗಡಿಯೆಂಬ ರಣಭೂಮಿಗೆ ಇಳಿದರು.

ಏನೆಂದು ಬಣ್ಣಿಸಲಿ ಆ ಭೂಮಿಯನ್ನು! ಮೂರು ಗೋಡೆಗಳಲ್ಲಿ ಇಪ್ಪತ್ತೆರಡು ಟೀವಿಗಳು, ಇಪ್ಪತ್ತೆರಡರಲ್ಲೂ ಅದೇ ಮದುವಣಗಿತ್ತಿ, ಮೈತುಂಬ ಒಡವೆ ತೊಟ್ಟು ಒಟ್ಟಿಗೆ ತಲೆಯೆತ್ತಿ ಒಟ್ಟಿಗೆ ನಗುತ್ತಿದ್ದಳು. ನಾಗಲಿಂಗನು ನೇರವಾಗಿ ಐವತ್ತೈದು ಅಂಗುಲದ ಮಹಾಕಾಯದ ಮುಂದೆ ನಿಂತ. ಅದರ ಕಾಂತಿಗೆ ಅವನ ಹಣೆಯ ವಿಭೂತಿಯೂ ಹೊಳೆಯಿತು. ಮೌನೇಶಪ್ಪನು ಮೂಲೆಯ ನಲವತ್ಮೂರು ಅಂಗುಲದ ಸೌಮ್ಯರೂಪಿಯ ಪಕ್ಕ ನಿಂತ. ಸೇನೆಗಳು ಹೀಗೆ ಎದುರುಬದುರಾದವು.

ಮೊದಲು ಗರ್ಜಿಸಿದವನು ನಾಗಲಿಂಗ. ನಲವತ್ತು ವರ್ಷ ಕುಲುಮೆಯ ಬೆಂಕಿಯನ್ನೇ ನೋಡಿದ ಕಣ್ಣು ತನ್ನದೆಂದ. ಮಿಂಚಿಲ್ಲದ್ದು ಮಿಂಚಿದ್ದರ ಮುಂದೆ ನಿಲ್ಲಲಾರದೆಂದ. ತನ್ನ ಅಕ್ಕ ಹೊಸ ಕಣ್ಣಿನಿಂದ ಅಂಗೈಯಗಲದ ಟೀವಿ ನೋಡುವುದಾದರೆ ಪೊರೆ ಇದ್ದರೇನು ಹೋದರೇನು ಎಂದು ಮೂದಲಿಸಿದ. ಮೌನೇಶಪ್ಪನೂ ಸುಮ್ಮನಿರಲಿಲ್ಲ. ಪಡಸಾಲೆಯ ಮಂಚದಿಂದ ಗೋಡೆಗೆ ಏಳೇ ಅಡಿ, ತಾನೇ ಅಳೆದದ್ದು ಎಂದ. ನಾಲ್ಕು ನೂರು ಜನರ ಮುಂದೆ ಚಂದ್ರೋದಯ ಮಾಡಿಸಿದವನು ತಾನು, ಬೆಳಕನ್ನು ಅರಿಯುವ ಮೊದಲು ಕತ್ತಲನ್ನು ಅರಿಯಬೇಕು ಎಂದ. ಆಮೇಲೆ ಮುನೀರಸಾಬನ ಕಡೆ ತಿರುಗಿ, ಅಂಗಡಿಯ ದೀಪಗಳನ್ನೆಲ್ಲ ಆರಿಸಲು ಹೇಳಿದ.

ಮುನೀರಸಾಬ ಹದಿನೆಂಟು ವರ್ಷದಿಂದ ಟೀವಿ ಮಾರುತ್ತಿದ್ದವನು. ಗಿರಾಕಿಗಳು ರಿಯಾಯಿತಿ ಕೇಳಿದ್ದುಂಟು, ಚಹಾ ಕೇಳಿದ್ದುಂಟು, ಕತ್ತಲು ಕೇಳಿದವರಿರಲಿಲ್ಲ. ಆದರೂ ಹುಡುಗನಾಗಿದ್ದಾಗ ಜಯಗೌರಿಯ ಮುಂದಿನ ಸಾಲಿನಲ್ಲಿ ಕೂತು ಇದೇ ಮನುಷ್ಯನಿಗೆ ಶಿಳ್ಳೆ ಹಾಕಿದ ಋಣ ಅವನ ಮೇಲಿತ್ತು. ಶಟರು ಅರ್ಧ ಎಳೆದು ದೀಪ ಆರಿಸಿದ.

ಕತ್ತಲಲ್ಲಿ ಇಪ್ಪತ್ತೆರಡು ಮದುವಣಗಿತ್ತಿಯರು ಉರಿದೆದ್ದರು. ಮೌನೇಶಪ್ಪ ಮಹಾಕಾಯದ ಹತ್ತಿರ ಹೋಗಿ, ಆಕೆಯ ಮುಖ ಮಾಗಿದ ಕಿತ್ತಳೆಯಂತಿದೆ, ಕಪ್ಪು ಕೂದಲು ಬೂದಿಯಂತಿದೆ, ನಡೆದರೆ ಎಣ್ಣೆಯ ಮೇಲೆ ಜಾರಿದಂತಿದೆ ಎಂದು ದೋಷಗಳನ್ನು ಒಂದೊಂದಾಗಿ ಎಣಿಸಿದ. ನಾಗಲಿಂಗ ಜಗ್ಗಲಿಲ್ಲ. ಕೂದಲು ಹೇಗಾದರೂ ಇರಲಿ, ಕೊರಳಿನ ಬಂಗಾರ ನೋಡಿ ಎಂದ. ಆಗ ಮೌನೇಶಪ್ಪ ತನ್ನ ಬ್ರಹ್ಮಾಸ್ತ್ರವನ್ನು ಬಿಟ್ಟ.

"ನಾಗಲಿಂಗಾ, ಕಾಳಿಕಾದೇವಿ ಮ್ಯಾಲೆ ಆಣಿ ಮಾಡಿ ಹೇಳು. ಆ ಸರಾ ಯಾರರ ನಿನ್ನ ಅಂಗಡಿಗೆ ತಂದ್ರ, ಬಂಗಾರ ಅಂತ ತಗೋತೀಯೇನು?"

ಸ್ವರ್ಣಪರೀಕ್ಷಾಧುರಂಧರನು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. ತನ್ನ ಬೆರಳಿನ ಉಂಗುರವನ್ನು ಆ ಸರದ ಪಕ್ಕ ಹಿಡಿದ. ಒಂದು ಕಡೆ ಸೋಲು, ಇನ್ನೊಂದು ಕಡೆ ಕುಲಧರ್ಮ.

"ಇಲ್ರಿ ಭಾವಾರ," ಎಂದ ಕೊನೆಗೆ. "ಹಿತ್ತಾಳಿ ಐತಿ. ಮ್ಯಾಲೆ ಬಂಗಾರದ ನೀರು ಕೊಟ್ಟಾರ."

ಅಂಗಡಿಯ ಬೆಳಕಿನಲ್ಲಿ ಗಿರಾಕಿಯ ಕಣ್ಣು ಸೆಳೆಯಲೆಂದೇ ಬಣ್ಣವನ್ನು ಹಾಗೆ ಏರಿಸಿ ಇಟ್ಟಿರುತ್ತಾರೆ, ಸಿನಿಮಾಕ್ಕೆ ಬೇರೆಯದೇ ಏರ್ಪಾಡಿದೆ ಎಂದು ಮುನೀರಸಾಬ ಒಪ್ಪಿಕೊಂಡು ರಿಮೋಟಿನ ನಾಲ್ಕು ಗುಂಡಿ ಒತ್ತಿದ. ಮಹಾಕಾಯದ ಅಬ್ಬರ ಇಳಿಯಿತು. ಮದುವಣಗಿತ್ತಿಯ ಮುಖಕ್ಕೆ ಮನುಷ್ಯರ ಬಣ್ಣ ಬಂತು, ಕೂದಲು ಕಪ್ಪಾಯಿತು, ನಡೆಗೆ ನೆಲ ಸಿಕ್ಕಿತು. ಸರವನ್ನು ನೋಡಿ ನಾಗಲಿಂಗ ಇಪ್ಪತ್ತೆರಡು ಕ್ಯಾರೆಟ್ಟು ಎಂದು ತೀರ್ಪು ಕೊಟ್ಟ. ಬಣ್ಣ ಭಾವನದು, ಗಾತ್ರ ಭಾವಮೈದುನನದು ಎಂದು ಸಂಧಿಯಾಯಿತು. ಡಿಸ್ಕ್ ಪ್ಲೇಯರನ್ನು ಈಗ ಯಾರೂ ಕೇಳುವುದಿಲ್ಲವೆಂದು ಮುನೀರಸಾಬ ತಲೆಯಾಡಿಸಿದನಾದರೂ, ಅಟ್ಟ ಹತ್ತಿ, ಗೋದಾಮಿನ ಧೂಳಿನಿಂದ ಪಾತಾಳದ ನಿಧಿಯನ್ನು ಎತ್ತುವಂತೆ ಒಂದನ್ನು ಎತ್ತಿ ತಂದ. ಹೊಸ ಡಿಸ್ಕು, ಹಳೆಯ ಡಿಸ್ಕು, ಎರಡನ್ನೂ ಓದುವ ಯಂತ್ರ. ಮೌನೇಶಪ್ಪ ಅದನ್ನು ಕಿವಿಗೆ ಹಿಡಿದು, ತಿರುಗುವಾಗ ಸದ್ದು ಮಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಇಳಿಸಿದ.

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಕಿಟಕಿಗಳಿಗೆ ಕಂಬಳಿ ಕಟ್ಟಿ ಪಡಸಾಲೆಯನ್ನು ಕತ್ತಲು ಮಾಡಿದರು. ನಾಗಲಿಂಗನ ಕೈಯಲ್ಲಿ ಸಾವಿರ ಆನೆಗಳು ನುಗ್ಗುವ ಹೊಸ ಯುದ್ಧದ ಚಿತ್ರ. ಮೌನೇಶಪ್ಪನ ಕೈಯಲ್ಲಿ ಏಳು ಬಣ್ಣವೂ ಸಾಲದೆಂಬಂಥ ಪುರಾಣದ ಚಿತ್ರ. ಯಾವುದು ಮೊದಲೆಂದು ಎರಡನೆಯ ಮಹಾಯುದ್ಧ ಶುರುವಾಗುವಷ್ಟರಲ್ಲಿ, ಕಾಳಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, ಸೆರಗಿನ ಮರೆಯಿಂದ ಒಂದು ಡಿಸ್ಕು ತೆಗೆದು ಗಂಡನ ಕೈಗಿಟ್ಟಳು. ಮದುವೆಯಾದ ವರ್ಷ ಆಕೆ ಬೆಂಚಿನ ತುದಿಯಲ್ಲಿ ಕೂತು ಹನ್ನೊಂದು ಸಲ ನೋಡಿದ್ದ ಭಕ್ತಿಚಿತ್ರ. ಆಗಲೇ ಅದು ಹಳೆಯ ಪ್ರತಿ.

ಯಾವ ಸಿನಿಮಾ ಬೇಕೆಂದು ಆಕೆಯನ್ನು ಒಬ್ಬರೂ ಕೇಳಿರಲಿಲ್ಲ.

ಡಿಸ್ಕು ತಿರುಗಿತು. ಇಪ್ಪತ್ತೆರಡು ಕ್ಯಾರೆಟ್ಟಿನ ಬಣ್ಣಗಳ ಆ ಮಹಾಕಾಯದ ಮೇಲೆ ಕಪ್ಪು ಬಿಳುಪಿನ ಗರ್ಭಗುಡಿಯೊಂದು ಮೂಡಿತು. ಅದೂ ಹಳೆಯ ಕಾಲದ ಚೌಕ ಚಿತ್ರ. ಎಡಕ್ಕೊಂದು ಬಲಕ್ಕೊಂದು ಕರಿಯ ಪಟ್ಟಿ ಬಿಟ್ಟು ನಡುವೆ ಮುದುಡಿ ಕೂತಿತ್ತು. ನಾಗಲಿಂಗ ಎದ್ದು ಗೇಣು ಹಾಕಿ ಅಳೆದ. ಮೂಲೆಯಿಂದ ಮೂಲೆಗೆ ನಲವತ್ತೈದೇ ಅಂಗುಲ. ಬಣ್ಣದ ಜಯವೂ ಗಾತ್ರದ ಜಯವೂ ಒಂದೇ ಏಟಿಗೆ ಬಿದ್ದವು.

"ಅಡ್ಡ ನಿಂತೀಯಲ್ಲೋ, ಸರಿ ಆ ಕಡೆ," ಎಂದಳು ಅಕ್ಕ.

ಮೌನೇಶಪ್ಪ ಮಂಚದ ಮೇಲೆ ಹೆಂಡತಿಯ ಬಲಕ್ಕೆ ಕೂತ. ಚಿತ್ರ ಮೊನಚಾಗಿತ್ತು, ಕಪ್ಪು ಕಪ್ಪಾಗಿತ್ತು, ಎದ್ದು ಮಾಡಬೇಕಾದದ್ದು ಏನೂ ಇರಲಿಲ್ಲ. ಐದು ನಿಮಿಷ ಕೂತ. ಹತ್ತು ನಿಮಿಷ ಕೂತ. ಹದಿನೆಂಟು ನಿಮಿಷವಾದಾಗ ಚಿತ್ರದ ಮೇಲಿನ ಬಲಮೂಲೆಯಲ್ಲಿ ಒಂದು ಸಣ್ಣ ಚುಕ್ಕಿ ಮಿನುಗಿ ಮಾಯವಾಯಿತು. ನಮ್ಮ ನಿಮ್ಮಂಥವರಿಗೆ ಕಾಣದ ಚುಕ್ಕಿ ಅದು. ರೀಲು ಮುಗಿಯುತ್ತಿದೆ, ಎರಡನೆಯ ಯಂತ್ರ ಚಾಲೂ ಮಾಡು ಎಂದು ಪ್ರೊಜೆಕ್ಟರಿನವನಿಗಷ್ಟೇ ಹೇಳುವ ಗುರುತು. ಹಳೆಯ ಪ್ರತಿಯಿಂದ ಇಳಿಸುವಾಗ ಡಿಸ್ಕಿನಲ್ಲೂ ಉಳಿದುಕೊಂಡಿತ್ತು. ಕಿರಣಖಡ್ಗಧರನು ಧಿಗ್ಗನೆ ಎದ್ದು ನಿಂತ. ಬಲಗೈ ಗಾಳಿಯಲ್ಲಿ ಇಲ್ಲದ ಹಿಡಿಕೆಯನ್ನು ಹುಡುಕುತ್ತಿತ್ತು.

ಕಾಳಮ್ಮ ಪರದೆಯಿಂದ ಕಣ್ಣು ತೆಗೆಯದೆ ಅವನ ಧೋತರದ ಚುಂಗು ಹಿಡಿದಳು. "ಎಲ್ಲಿ ಹೊಂಟ್ರಿ?"

"ರೀಲು ಮುಗೀತು."

"ಮುಗದಿಲ್ಲ. ಕುಂದರ್ರಿ."

ಈಗ ಯಂತ್ರ ಬದಲಿಸು ಎನ್ನುವ ಎರಡನೆಯ ಚುಕ್ಕಿಯೂ ಬಂತು. ಅವನು ಉಸಿರು ಬಿಗಿಹಿಡಿದು ನೋಡಿದ. ಯಾರೂ ಕೈ ಹಚ್ಚದೆ ಮುಂದಿನ ದೃಶ್ಯ ತಾನಾಗಿ ಬಂತು. ಮೆಲ್ಲಗೆ ಕೂತ. ಸ್ವಲ್ಪ ಹೊತ್ತು ಬಿಟ್ಟು, ಕಂಬಕ್ಕೆ ಒರಗಿ ಅಳುತ್ತಿರುವ ಆ ಮುದುಕ ಯಾರೆಂದು ಕೇಳಿದ. ಆಕೆ ಅವನ ಕಡೆ ತಿರುಗಿದಳು. ಮೂವತ್ತೊಂದು ವರ್ಷ ಊರಿಗೆಲ್ಲ ಕತೆ ತೋರಿಸಿದವನಿಗೆ ಒಂದು ಕತೆಯೂ ಗೊತ್ತಿಲ್ಲವೆಂಬುದು ಅವಳಿಗೆ ಆಗ ತಿಳಿಯಿತು. ನಾಯಕನ ಅಪ್ಪ ಎಂದು ಹೇಳಿ, ಮೊದಲಿನಿಂದ ನಡೆದದ್ದನ್ನು ಪಿಸುಮಾತಿನಲ್ಲಿ ಹೇಳತೊಡಗಿದಳು. ಮೂಲೆಯ ಕುರ್ಚಿಯಲ್ಲಿ ನಾಗಲಿಂಗ ನಿದ್ದೆ ಹೋಗಿದ್ದ.

ಹೀಗೆ ಇಪ್ಪತ್ತೆರಡು ಟೀವಿಗಳ ಸೇನೆಯನ್ನು ಕತ್ತಲಲ್ಲಿ ಗೆದ್ದ, ಸ್ವರ್ಣಪರೀಕ್ಷಾಧುರಂಧರನನ್ನು ಮಣಿಸಿದ, ಅಂಧಕಾರವಿದಾರಕ ಮೌನೇಶಪ್ಪನು, ದೇವತೆಗಳು ಪುಷ್ಪವೃಷ್ಟಿ ಮಾಡಬೇಕಾದಂಥ ಆ ಮಹತ್ಕಾರ್ಯವನ್ನು ಸಾಧಿಸಿದ: ಎರಡೂವರೆ ತಾಸು ಮಂಚದ ಮೇಲೆ ಕೂತ. ಆ ಚಿತ್ರದಲ್ಲಿ ಆರು ಸಲ ರೀಲು ಬದಲಾಗುತ್ತದೆ. ಎರಡನೆಯದಕ್ಕೂ ಎದ್ದ, ಮೂರನೆಯದಕ್ಕೂ ಎದ್ದ. ನಾಲ್ಕಕ್ಕೆ ಅರ್ಧ ಎದ್ದ. ಐದಕ್ಕೆ ಬೆನ್ನು ನೆಟ್ಟಗಾಯಿತು. ಆರನೆಯ ಸಲದ ಚುಕ್ಕಿ ಬಂದಾಗ ಅವನ ಕಾಲಿನ ಹೆಬ್ಬೆರಳೊಂದು ಮಾತ್ರ ಅಲುಗಿತು.