ಹುಣ್ಣಿಮೆಯ ಮಾರನೇ ದಿನದ ಸೂರ್ಯಗ್ರಹಣ

ತಾಪತ್ರಯವೆಲ್ಲ ಶುರುವಾದದ್ದು ಒಂದು ಟೀವಿ ಮೂರು ಮಹಡಿ ಹತ್ತಿದ್ದರಿಂದ.

ಸೆಕೆಗಾಲ. ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಟೀವಿ ಮುಂದೆ ಕೂತವರು ಕೂತಲ್ಲೇ ಬೇಯುತ್ತಿದ್ದರು. ಸಂಘದ ಕಾರ್ಯದರ್ಶಿ ಹೆಡ್ಮಿಸ್ಸು, ಅಂದರೆ ನಿವೃತ್ತಿಯಾದ ಮೇಲೂ ಇಡೀ ಕಟ್ಟಡವನ್ನು ಒಂದು ತರಗತಿ ಎಂದೇ ತಿಳಿದಿದ್ದವರು, ಗೋಡೆಯಗಲದ ಟೀವಿಯನ್ನು ತಾರಸಿಗೆ ಹೊರಿಸಿದರು. ಅಂದಿನಿಂದ ಸಂಜೆ ಎಂಟಾದರೆ ಕಟ್ಟಡವೆಲ್ಲ ಕುರ್ಚಿ ಎತ್ತಿಕೊಂಡು ತಾರಸಿಗೆ ಬಂದು 'ಅಂತರಿಕ್ಷದ ಅನಾಥೆ' ನೋಡುತ್ತಿತ್ತು. ಅದರ ನಾಯಕಿ ಕ್ಯಾಪ್ಟನಮ್ಮ, ಎಳೆಗೂಸನ್ನು ಭೂಮಿಯಲ್ಲಿ ಬಿಟ್ಟು ದೂರದ ಗ್ರಹವೊಂದರಲ್ಲಿ ಸಿಕ್ಕಿಬಿದ್ದವಳು. ಆ ಗ್ರಹಕ್ಕೂ ನಮ್ಮ ಹಾಗೆ ಒಬ್ಬ ಸೂರ್ಯ, ಒಬ್ಬ ಚಂದ್ರ. ಅಲ್ಲಿ ಸೂರ್ಯಗ್ರಹಣ ಹಿಡಿದ ಗಳಿಗೆಗೆ ಆಕಾಶದಲ್ಲಿ ಬಾಗಿಲು ತೆರೆದು ಅವಳು ಮನೆಗೆ ಮರಳುವಳೆಂದು ಕತೆ.

ಅದೇ ತಾರಸಿಯ ಪಡುವಣ ಮೂಲೆಯಲ್ಲಿ ಒಂದು ದೂರದರ್ಶಕವಿತ್ತು, ಅದರ ಹಿಂದೆ ಒಬ್ಬ ಮನುಷ್ಯನಿದ್ದ. ತಾರಾಲಯದ ಗುಮ್ಮಟದಡಿ ನಿಂತು ಜನರಿಗೆ ಆಕಾಶವನ್ನು ವಿವರಿಸುವುದು ಅವನ ಉದ್ಯೋಗ. ಕಟ್ಟಡದವರು ಇಟ್ಟ ಹೆಸರು ದುರ್ಬೀನು. ತಪ್ಪು ಕಂಡರೆ ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಮದುವೆಯ ದಿನ ಮಂಟಪದ ಬಣ್ಣದ ಕಾಗದದ ನಕ್ಷತ್ರಗಳಿಗೆ ಐದೇ ಮೂಲೆ ಯಾಕೆ ಎಂದು ಜಗಳ ತೆಗೆದಿದ್ದನೆಂದು ಹೆಂಡತಿ ಈಗಲೂ ಹೇಳುತ್ತಾಳೆ.

ಆ ವಾರ ಒಂದು ಧೂಮಕೇತು ಬಂದಿತ್ತು. ಸಂಜೆ ಎಂಟರ ಸುಮಾರಿಗೆ, ಮುಳುಗುವ ಮುನ್ನ, ಪಡುವಣದಲ್ಲಿ ಬಾಗಿಲ ಸಂದಿನಲ್ಲಿ ನುಸುಳಿಹೋಗುವ ಬೆಕ್ಕಿನ ಬಾಲದ ಹಾಗೆ ಇಷ್ಟೇ ಇಷ್ಟು ಕಾಣುವಂಥದ್ದು. ಇನ್ನೊಂದು ವಾರ ಕಳೆದರೆ ಮತ್ತೆ ಬರುವುದು ಅವನ ಮರಿಮಕ್ಕಳ ಮರಿಮಕ್ಕಳ ಕಾಲಕ್ಕೆ. ಊರಲ್ಲಿ ಎಲ್ಲಿ ಹೋದರೂ ಬೀದಿದೀಪ, ಈ ತಾರಸಿಯಲ್ಲಿ ಟೀವಿ. ಕಣ್ಣು ಕೊಳವೆಗೆ ಹಚ್ಚಿದರೆ ಧೂಮಕೇತುವಿನ ಬದಲು ಕ್ಯಾಪ್ಟನಮ್ಮನ ಕಣ್ಣೀರಿನ ಹೊಳಪೇ ಕಾಣುತ್ತಿತ್ತು.

ಕೊನೆಯ ಕಂತಿನ ದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಕೆಳಮನೆಯ ಟೈಲರ್ ಎದುರಾದರು. ಬೋಳು ತಲೆ, ಕೊರಳಲ್ಲಿ ಅಳತೆ ಟೇಪು, ಮುಖದಲ್ಲಿ ಹಿಗ್ಗು.

"ಇವತ್ತು ಗ್ರಹಣ, ದುರ್ಬೀನು ಸಾರ್! ಬಾಗಿಲು ತೆಗೆಯತ್ತೆ, ಕ್ಯಾಪ್ಟನಮ್ಮ ಮಗು ಹತ್ರ ಹೋಗ್ತಾಳೆ. ನಮ್ಮನೇಲಿ ಕರ್ಚೀಫೆಲ್ಲ ಒಗೆದು ಇಟ್ಕೊಂಡಿದೀವಿ."

"ನಿನ್ನೆ ಕಂತಲ್ಲಿ ಆಕಾಶದಲ್ಲಿ ಏನಿತ್ತು?"

"ಚಂದ್ರ. ತಟ್ಟೆಯಷ್ಟಗಲ."

"ಅಂದ್ರೆ ಹುಣ್ಣಿಮೆ. ಹುಣ್ಣಿಮೆ ಮಾರನೇ ದಿನ ಸೂರ್ಯಗ್ರಹಣ ಯಾರ ಕಾಲದಲ್ರೀ ಆಗಿದೆ? ವಾರದ ಹಿಂದೆ ಮುನ್ನೋಟ ನೋಡಿದಾಗಲೇ ಚಾನೆಲ್ಲಿಗೆ ಫೋನ್ ಮಾಡಿ ಚೆನ್ನಾಗಿ ಝಾಡಿಸಿದೀನಿ. ನೆಗಡಿಯಾದ ಹುಡುಗಿ ಒಬ್ಳು 'ಮೇಲಿನವರಿಗೆ ತಿಳಿಸ್ತೀನಿ ಸಾರ್' ಅಂದ್ಲು."

"ಅಯ್ಯೋ, ಅಮ್ಮ-ಮಗು ಒಂದಾಗೋವಾಗ ಲೆಕ್ಕ ಯಾಕೆ ಸಾರ್!"

ಮಾತಿಗೆ ಮಾತು ಬೆಳೆಯಿತು. ಮೇಲಿನಿಂದ ಅತ್ತೆ ಇಣುಕಿದರು. ಅಳಿಯನ ಮನೆಯಲ್ಲಿದ್ದರೂ ಅವರ ಪಕ್ಷ ಕ್ಯಾಪ್ಟನಮ್ಮನದು. "ಅಳಿಯಂದ್ರೇ, ಬೆಳಬೆಳಿಗ್ಗೆ ಆ ಹೆಣ್ಣುಮಗಳ ದಾರಿಗೆ ಅಡ್ಡ ನಿಲ್ಲಬೇಡಿ."

ಗದ್ದಲಕ್ಕೆ ಹೆಡ್ಮಿಸ್ಸು ಬಾಗಿಲು ತೆರೆದರು. ಮೆಟ್ಟಿಲಲ್ಲಿದ್ದವರೆಲ್ಲ ತಾವಾಗಿಯೇ ಸಾಲಾಗಿ ನಿಂತರು.

"ಬಾಯಿಮಾತು ಬೇಡ. ಸಂಜೆ ಏಳೂವರೆಗೆ ಎಲ್ಲರೆದುರು ತೋರ್ಸಿ. ಗ್ರಹಣ ಆಗೋಕೆ ಸಾಧ್ಯ ಇಲ್ಲ ಅಂತ ಸಾಧಿಸಿದ್ರೆ, ಈ ಸೀರಿಯಲ್ ಮುಗಿದ ಗಳಿಗೆಗೇ ಟೀವಿ ಕೆಳಗೆ ಹೋಗತ್ತೆ. ಸಾಧಿಸದಿದ್ರೆ ಮುಂದಿನ ಸೀರಿಯಲ್ಲೂ ತಾರಸೀಲೇ. ನಿಮ್ಮ ಮೂರುಕಾಲಿನ ಸ್ಟ್ಯಾಂಡು ನಮ್ಮ ಬಟ್ಟೆ ಹಗ್ಗಕ್ಕೆ."

"ಒಪ್ಪಿದೆ!" ಎಂದ ದುರ್ಬೀನು. ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಕಿತ್ತು ಟೈಲರ್ ಕಾಲ ಬಳಿ ಬಿತ್ತು. "ಹೊಲಿದುಕೊಡ್ತೀನಿ ಬಿಡಿ," ಎಂದರು ಅವರು.

ಸಂಜೆ ತಾರಸಿ ತುಂಬಿತು. ದುರ್ಬೀನು ಕಂಬಕ್ಕೆ ಬಲ್ಬು ಕಟ್ಟಿ ಸೂರ್ಯನೆಂದ. ಗ್ರಹಕ್ಕೆ ಗುಂಡಗಿನದೇನಾದರೂ ಬೇಕಿತ್ತು. ಎಲ್ಲರ ಕಣ್ಣೂ ಒಟ್ಟಿಗೇ ಟೈಲರ್ ತಲೆಯ ಮೇಲೆ ನಿಂತವು.

"ನಾನಾ?" ಎನ್ನುವಷ್ಟರಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿಯಾಗಿತ್ತು. ಚಂದ್ರನಾಗಿ ಅತ್ತೆಯ ಹೆಣಿಗೆಯ ಬಿಳಿ ಉಣ್ಣೆಯುಂಡೆ ಬಂತು.

"ನೋಡಿ. ಚಂದ್ರ ಟೈಲರ್ ಬೆನ್ನ ಹಿಂದಿದ್ದಾಗ ಸೂರ್ಯನ ಬೆಳಕು ಚಂದ್ರನ ಮುಖಕ್ಕೆ ಪೂರ್ತಿ ಬೀಳತ್ತೆ. ಹುಣ್ಣಿಮೆ. ಸೂರ್ಯಗ್ರಹಣ ಆಗಬೇಕಾದ್ರೆ ಚಂದ್ರ ಟೈಲರ್ ಮೂಗಿನ ಮುಂದೆ ಬಂದು ಬಲ್ಬನ್ನ ಮುಚ್ಚಬೇಕು. ಬೆನ್ನಿಂದ ಮೂಗಿಗೆ ಅರ್ಧ ಸುತ್ತು. ಅರ್ಧ ಸುತ್ತು ಅಂದ್ರೆ ಹದಿನೈದು ದಿನ. ಒಂದೇ ರಾತ್ರೀಲಿ ಬರೋಕೆ ಚಂದ್ರ ಏನು ಬಸ್ಸು ಹತ್ತಿಕೊಂಡು ಬರ್ತಾನಾ?"

ಜನ ನಕ್ಕರು. ನಗು ತಲೆಗೇರಿತು. ಉಂಡೆ ಹಿಡಿದು ಒಂದು ಸುತ್ತು ಹಾಕಿದ, ಮತ್ತೊಂದು ಹಾಕಿದ, ಮಗದೊಂದು. ಉಂಡೆಯ ತುದಿ ಕುರ್ಚಿಯ ಕಾಲಿಗೆ ಸಿಕ್ಕಿದ್ದು ಯಾರಿಗೂ ಕಾಣಲಿಲ್ಲ. ಚಂದ್ರ ಕರಗುತ್ತ ಹೋದ, ಗ್ರಹ ರೇಷ್ಮೆಹುಳುವಿನ ಹಾಗೆ ಗೂಡಿನೊಳಗೆ ಸೇರುತ್ತ ಹೋಯಿತು.

"ಸಾರ್, ಕೈ ಆಡ್ತಿಲ್ಲ," ಎಂದಿತು ಗ್ರಹ.

"ಗ್ರಹಗಳು ಮಾತಾಡಲ್ಲ!"

"ನನ್ನ ಸ್ವೆಟರು!" ಎಂದು ಅತ್ತೆ ನೂಲು ಹಿಡಿದೆಳೆದರು. ಕುರ್ಚಿ ಸಮೇತ ಗ್ರಹ ಮಗುಚಿತು, ಕಂಬ ಅಲುಗಿತು, ಸೂರ್ಯ ನೀರಿನ ಡ್ರಮ್ಮಿನ ಅಂಚಿಗೆ ಬಡಿದು ಫಟ್ಟೆಂದು ಒಡೆದು ಕತ್ತಲಾಯಿತು.

ಕತ್ತಲಲ್ಲಿ ಹೆಡ್ಮಿಸ್ಸಿನ ದನಿ ಕೇಳಿತು. "ಅರ್ಥವಾಯ್ತು. ಸೂರ್ಯಗ್ರಹಣ ಅಮಾವಾಸ್ಯೆಗೇ. ಇವತ್ತು ಆಗೋ ಹಾಗಿಲ್ಲ. ಯಾರಿಗಾದ್ರೂ ಸಂದೇಹ?"

ಯಾರಿಗೂ ಇರಲಿಲ್ಲ. ನೂಲಿನೊಳಗಿಂದ ಟೈಲರ್ ಕೂಡ "ಇಲ್ಲ" ಎಂದರು.

ಗೆದ್ದಿದ್ದ! ದುರ್ಬೀನು ಪಡುವಣಕ್ಕೆ ತಿರುಗಿದ. ಆ ಒಂದು ನಿಮಿಷದ ಕತ್ತಲಲ್ಲಿ, ಬರಿಗಣ್ಣಿಗೇ, ಅಲ್ಲಿತ್ತು ಧೂಮಕೇತು. ಅಜ್ಜಿ ಕತೆಯ ರಾಜಕುಮಾರಿ ಓಡುವಾಗ ಬಿಟ್ಟುಹೋದ ಸೆರಗಿನ ಎಳೆಯಂತಿತ್ತು. "ನಾಳೆ ನೋಡ್ಕೋತೀನಿ," ಎಂದು ಅದಕ್ಕೆ ಮಾತು ಕೊಟ್ಟ. ಹಿಂದಿನಿಂದ ಟೀವಿ ಹೊತ್ತಿಕೊಂಡಿತು, ಎಳೆ ಅಳಿಸಿಹೋಯಿತು. ಇದೊಂದು ಸಂಜೆ ತಾನೇ ಎಂದು ಅವನು ಧಾರಾಳವಾಗಿ ಅತ್ತೆಯ ಪಕ್ಕ ಕೂತ.

ಕ್ಯಾಪ್ಟನಮ್ಮ ಬೆಟ್ಟದ ನೆತ್ತಿಯಲ್ಲಿ ನಿಂತಿದ್ದಳು. ಸಂಗೀತ ಏರಿತು. ಕರ್ಚೀಫುಗಳು ಹೊರಬಂದವು. ಸೂರ್ಯ ಬೆಳಗುತ್ತಲೇ ಇದ್ದ. ಅವಳು ಕಾದಳು. ಸೂರ್ಯ ಇನ್ನೂ ಬೆಳಗುತ್ತಲೇ ಇದ್ದ.

ಉಪಕ್ಯಾಪ್ಟನ್ ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದ. "ಕ್ಯಾಪ್ಟನ್! ನಾವು ಮೋಸ ಹೋದ್ವಿ! ನಿನ್ನೆ ತಾನೇ ಹುಣ್ಣಿಮೆ. ಸೂರ್ಯಗ್ರಹಣ ಆಗೋದಿದ್ರೆ ಅಮಾವಾಸ್ಯೆಗೆ!"

"ಅಂದರೆ?"

"ಇನ್ನೂ ಹದಿನಾಲ್ಕು ದಿನ!"

ಕ್ಯಾಪ್ಟನಮ್ಮ ಕುಸಿದಳು. ಪರದೆಯ ಮೇಲೆ ಅಕ್ಷರಗಳು ಮೂಡಿದವು: 'ತಪ್ಪನ್ನು ತೋರಿಸಿಕೊಟ್ಟ ತಾರಾಲಯದ ವೀಕ್ಷಕರಿಗೆ ಕೃತಜ್ಞತೆಗಳು. ಅವರ ಸಲಹೆಯಂತೆ ಧಾರಾವಾಹಿ ಅಮಾವಾಸ್ಯೆಯವರೆಗೆ ಪ್ರತಿದಿನ ಮುಂದುವರಿಯುತ್ತದೆ.'

ತಾರಸಿಯಲ್ಲಿ ಎದ್ದ ಕೂಗಿಗೆ ಪಾರಿವಾಳಗಳು ಹಾರಿಹೋದವು.

"ಹದಿನಾಲ್ಕು ಕಂತು ಜಾಸ್ತಿ!" ಅರ್ಧ ಬಿಚ್ಚಿದ ನೂಲಿನ ಸಮೇತ ಟೈಲರ್ ಅವನನ್ನು ತಬ್ಬಿಕೊಂಡರು. "ಸಾರ್, ನೀವು ಮನುಷ್ಯರಲ್ಲ! ಗುಂಡಿ ಏನು, ಅಂಗಿನೇ ಹೊಲಿದುಕೊಡ್ತೀನಿ!"

"ಮಿಸ್, ಟೀವಿ ಕೆಳಗೆ..." ಎಂದು ದುರ್ಬೀನು ತೊದಲಿದ.

"ಸೀರಿಯಲ್ ಮುಗಿದ ಗಳಿಗೆಗೇ ಹೋಗತ್ತೆ," ಎಂದರು ಹೆಡ್ಮಿಸ್ಸು. "ಕೊಟ್ಟ ಮಾತು ತಪ್ಪಲ್ಲ."

ಹದಿನಾಲ್ಕು ದಿನ. ಧೂಮಕೇತುವಿಗೆ ಉಳಿದದ್ದು ಏಳು.

ಅವನನ್ನು ಮುಂದಿನ ಸಾಲಿಗೆ ಎಳೆದು ಕೂರಿಸಿದರು. ನಾಳೆಯ ಮುನ್ನೋಟ ಬಂತು. ಕ್ಯಾಪ್ಟನಮ್ಮ ಹಳೆಯ ನೆನಪೊಂದರಲ್ಲಿ ಬಿದಿಗೆಯ ಚಂದ್ರನನ್ನು ನೋಡುತ್ತಿದ್ದಳು. ಚಂದ್ರನ ಎರಡು ಕೊಂಬುಗಳ ನಡುವೆ ಒಂದು ನಕ್ಷತ್ರ ಮಿನುಗುತ್ತಿತ್ತು. ದುರ್ಬೀನು ಹಲ್ಲು ಕಚ್ಚಿ, ತುಟಿ ಬಿಗಿದು, ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡ.

"ಏನ್ರೀ, ತಪ್ಪು ಕಾಣಿಸ್ತಾ?" ಎಂದಳು ಹೆಂಡತಿ.

"ಇಲ್ಲ. ಎಲ್ಲಾ ಸರಿಯಾಗಿದೆ." ಜೀವಮಾನದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು.

ಅತ್ತೆ ಮಡಿಲಲ್ಲಿ ಉಳಿದಿದ್ದ ನೆಲ್ಲಿಕಾಯಷ್ಟು ಉಂಡೆಯನ್ನು ಟೀವಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಿದ್ದರು.

"ಅಳಿಯಂದ್ರೇ, ಬೆಳಕು ಬಿದ್ದಿರೋದು ಈ ಅಂಚಿಗೆ ಮಾತ್ರ. ಮಿಕ್ಕ ಉಂಡೆ ಕತ್ತಲಲ್ಲಿ ಇಲ್ಲೇ ಇದೆಯಲ್ಲ? ಅದರ ಮುಂದೆ ನಕ್ಷತ್ರ ಹೇಗೆ ಕಾಣತ್ತೆ? ನಕ್ಷತ್ರ ಇರೋದು ಚಂದ್ರನ ಹಿಂದೆ ಅಲ್ವಾ?"

ದುರ್ಬೀನು ಅವರನ್ನು ನೋಡಿದ. ತಾರಾಲಯದ ಗುಮ್ಮಟದಡಿ ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಒಬ್ಬರೂ ಕೇಳದಿದ್ದ ಪ್ರಶ್ನೆ. ಅವನ ಕಣ್ಣು ತುಂಬಿ ಬಂತು.

"ಸರೀ ಅತ್ತೆ," ಎಂದ. "ನೂರಕ್ಕೆ ನೂರು ಸರಿ."

"ಹಾಗಿದ್ರೆ ಇದನ್ನೂ ತಿದ್ದಿಸ್ಬೇಕು. ಇನ್ನೊಂದು ಹತ್ತು ಕಂತಾದ್ರೂ ಎಳೀತಾರೆ. ಆ ನೆಗಡಿ ಹುಡುಗಿ ನಂಬರ್ ಇದೆಯಾ?"

ಪಡುವಣದಲ್ಲಿ ಧೂಮಕೇತು ಯಾರಿಗೂ ಕಾಣದೆ ಕೆಳಗಿಳಿಯುತ್ತಿತ್ತು. ದುರ್ಬೀನು ಅತ್ತ ನೋಡಿದ, ಇತ್ತ ನೋಡಿದ. ಆದರೆ ತಪ್ಪು ತಪ್ಪೇ.

"ಬರ್ಕೊಳ್ಳಿ," ಎಂದ.